ಬಾಡಿಗೆ ಕಟ್ಟಿದವರು ಕಂತು ಕಟ್ಟಲ್ವಾ?

ನಮಸ್ಕಾರ ದಾವಣಗೆರೆ! ಇವತ್ತು ಇ-ಖಾತಾ ಬಗ್ಗೆ ಮಾತಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಬಾಡಿಗೆ ಕಟ್ಟಿದ ಮಾತ್ರಕ್ಕೆ ಬ್ಯಾಂಕಿನವರು ಮನೆ ಸಾಲ ಕೊಡಬೇಕಾ? ಬಾಡಿಗೆ ಏನು ಸಾಲನಾ?" ಇದನ್ನು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಇ-ಖಾತಾ ಇನ್ನೊಂದು ದಿನ.

ಸ್ವಾಮಿ, ನನ್ನ ಮಾತು ಒಂದೇ. ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟಿದವರು ಕಂತನ್ನೂ ಕಟ್ಟುತ್ತಾರೆ. ಬ್ಯಾಂಕು ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಿಟ್ಟುವಳ್ಳಿಯಲ್ಲಿ ನನಗೆ ಗೊತ್ತಿರುವ ಒಂದು ಸಂಸಾರ ಇದೆ. ಗಂಡ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಬಾಡಿಗೆ 9,000. ಲಾಕ್‌ಡೌನ್‌ನಲ್ಲಿ ಅಂಗಡಿ ಬಾಗಿಲು ಹಾಕಿದಾಗಲೂ ಹೊಟ್ಟೆ ಬಟ್ಟೆ ಕಟ್ಟಿ ಬಾಡಿಗೆ ಕೊಟ್ಟ ಜನ. ಯಾರ ಹತ್ತಿರವೂ ಸಾಲ ಮಾಡಿಲ್ಲ, ಕ್ರೆಡಿಟ್ ಕಾರ್ಡ್ ಮುಟ್ಟಿಲ್ಲ. ಮನೆ ಸಾಲಕ್ಕೆ ಎಷ್ಟು ಸಿಗಬಹುದು ಅಂತ ಕೇಳೋಕೆ ಹೋದರೆ ಯಾರು ಸಾಲ ಹೇಗೆ ತೀರಿಸಿದ್ದಾರೆ ಅಂತ ಲೆಕ್ಕ ಇಡುವ ಸಿಬಿಲ್‌ನಲ್ಲಿ ಇವರ ಹೆಸರಿಗೆ ಏನೂ ಇಲ್ಲ, ಯಾಕಂದ್ರೆ ನಮ್ಮಲ್ಲಿ ಬಾಡಿಗೆ ಕಟ್ಟಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗೋದೇ ಇಲ್ಲ. ಅದೇ ಫೋನು, ಬೈಕು, ಫ್ರಿಜ್ಜು ಎಲ್ಲ ಕಂತಿನಲ್ಲಿ ತಗೊಂಡು ಸರಿಯಾಗಿ ಕಟ್ಟಿದವರ ಸಿಬಿಲ್ ಸ್ಕೋರ್, ಅಂದ್ರೆ ಬ್ಯಾಂಕು ನೋಡುವ ಅಂಕ, 750 ದಾಟಿರಬಹುದು. ಸಾಲ ಮಾಡದೆ ಬದುಕಿದ್ದೇ ತಪ್ಪಾಯ್ತಾ?

ಈಗ ಕಂತಿನ ಲೆಕ್ಕ ಹಾಕಿ. 10 ಲಕ್ಷ ಸಾಲ, 20 ವರ್ಷ, ಶೇ. 9 ಬಡ್ಡಿ. ತಿಂಗಳಿಗೆ ಹತ್ತಿರ ಹತ್ತಿರ 9,000 ಬರುತ್ತದೆ. ಇವರು ಈಗಾಗಲೇ ಕಟ್ಟುತ್ತಿರುವ ದುಡ್ಡು ಅಷ್ಟೇ ಅಲ್ವಾ! ಹತ್ತು ವರ್ಷದಿಂದ ಬೆಣ್ಣೆ ದೋಸೆ ಹಾಕುತ್ತಿರುವವರನ್ನು ಕರೆದು ನಿಮಗೆ ಹಿಟ್ಟು ಹುಯ್ಯೋಕೆ ಬರುತ್ತಾ ಅಂತ ಕೇಳಿದ ಹಾಗಾಯ್ತು ಇದು.

"ಸರಿ, ಕಟ್ಟಿದ್ದಕ್ಕೆ ದಾಖಲೆ ಎಲ್ಲಿ?" ಅಂತ ಕೇಳುತ್ತಾರೆ. ಇಲ್ಲಿ ನನ್ನ ಸಿಟ್ಟು ಮನೆ ಮಾಲೀಕರ ಮೇಲೆ. ನಮ್ಮೂರಲ್ಲಿ ವಿದ್ಯಾನಗರ ಇರಲಿ, ವಿನೋಬನಗರ ಇರಲಿ, ಎಷ್ಟೋ ಕಡೆ ಇವತ್ತಿಗೂ ಬಾಡಿಗೆ ಕೈಗೇ ಕೊಡಬೇಕು. ಮಾಲೀಕರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ನಿಮಗೆ ಒಂದು ಚೀಟಿಯೂ ಇಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಅಗ್ರಿಮೆಂಟ್ ಮಾಡುತ್ತಾರೆ. ಅದು ಮುಗಿದ ಮೇಲೆ? "ಇರ್ರಿ, ನೀವು ನಮ್ಮೋರೇ ಅಲ್ವಾ" ಅಂತ ಹೇಳಿ ಹೊಸದು ಮಾಡೋದೇ ಇಲ್ಲ. ರಸೀದಿ ಕೇಳಿದರೆ ಮುಖ ಗಂಟು ಹಾಕುತ್ತಾರೆ. ವರ್ಷದ ಬಾಡಿಗೆ 1 ಲಕ್ಷ ದಾಟಿದ್ದು ನೌಕರರು ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯಿತಿ ಕೇಳಿದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು, ಆ ಭಯ. ಅಯ್ಯಾ ಮಾಲೀಕರೇ, ಬಾಡಿಗೆ ಆದಾಯದಲ್ಲಿ ಶೇ. 30 ನಿಮಗೆ ಯಾವ ಖರ್ಚೂ ತೋರಿಸದೆ ಕಡಿತ ಸಿಗುತ್ತದೆ. ನಿಮ್ಮ ತೆರಿಗೆ ಭಯಕ್ಕೆ ಇನ್ನೊಬ್ಬರ ಸ್ವಂತ ಮನೆ ಯಾಕೆ ನಿಲ್ಲಬೇಕು?

ಬಾಡಿಗೆಯಲ್ಲಿ ಇರುವವರೇ, ಇವತ್ತಿನಿಂದಲೇ ಫೋನ್‌ಪೇನೋ ಬ್ಯಾಂಕ್ ಟ್ರಾನ್ಸ್‌ಫರ್ರೋ ಮಾಡಿ. ಪ್ರತಿ ತಿಂಗಳು ಒಂದೇ ತಾರೀಕು, ಜೊತೆಗೆ ಯಾವ ತಿಂಗಳ ಬಾಡಿಗೆ ಅಂತ ಬರೆಯಿರಿ. ಕ್ಯಾಶೇ ಬೇಕು ಅಂತ ಹಟ ಹಿಡಿದರೆ ರಸೀದಿ ಬಿಡಬೇಡಿ, 5,000ಕ್ಕಿಂತ ಜಾಸ್ತಿ ಆದರೆ 1 ರೂಪಾಯಿ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿಕೊಳ್ಳಿ. ಬ್ಯಾಂಕಿನವರು 6 ತಿಂಗಳ ಸ್ಟೇಟ್‌ಮೆಂಟ್ ಕೇಳಿದರೆ ನೀವು 24 ತಿಂಗಳದ್ದು ಕೊಡಿ. ರಸೀದಿ ಮಾದರಿ ಕೆಳಗೆ ಲಿಂಕ್‌ನಲ್ಲಿ ಹಾಕಿದ್ದೇನೆ, ಪುಕ್ಕಟೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಆಗಿಬಿಡಿ, ಇಂಥ ವಿಷಯ ನಮ್ಮೂರಲ್ಲಿ ಬೇರೆ ಯಾರು ಹೇಳುತ್ತಾರೆ!

ಅಮೆರಿಕದಲ್ಲಿ ಫ್ಯಾನಿ ಮೇ ಅಂತ ಸಂಸ್ಥೆ ಇದೆ, ಬ್ಯಾಂಕುಗಳು ಕೊಟ್ಟ ಮನೆ ಸಾಲಗಳನ್ನು ಕೊಂಡುಕೊಳ್ಳುವ ಸಂಸ್ಥೆ. 2021ರ ಸೆಪ್ಟೆಂಬರ್‌ನಿಂದ ಅವರು ಅರ್ಜಿದಾರರ ಒಪ್ಪಿಗೆ ಪಡೆದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 12 ತಿಂಗಳ ಬಾಡಿಗೆ ಕಾಣುತ್ತಾ ಅಂತ ನೋಡುತ್ತಾರೆ. ಕಂಡರೆ ಸಾಲಕ್ಕೆ ಅನುಕೂಲ. ಕಾಣದಿದ್ದರೆ ಅದರಿಂದ ಕೆಡುಕಿಲ್ಲ. ನಮ್ಮ ರಿಸರ್ವ್ ಬ್ಯಾಂಕೂ ಮೊದಲ ಸಲ ಸಾಲ ಕೇಳುವವರನ್ನು ಹಳೇ ಸಾಲದ ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸಬೇಡಿ ಅಂತ 2025ರಲ್ಲಿ ಹೇಳಿದೆ. ಹಾಗಾದರೆ ಬೇರೆ ಏನು ನೋಡುತ್ತೀರಿ? ಬಾಡಿಗೆ ನೋಡಿ!

"ಸುಳ್ಳು ರಸೀದಿ ತರುತ್ತಾರೆ" ಅಂತ ಒಬ್ಬರು ಬರೆದಿದ್ದಾರೆ. ಅದಕ್ಕೇ ಬ್ಯಾಂಕ್ ಸ್ಟೇಟ್‌ಮೆಂಟ್ ಅಂದೆನಲ್ಲ, ವಿಡಿಯೋ ಪೂರ್ತಿ ನೋಡಿ ಬರೀರಪ್ಪ. "ಒಂದು ತಿಂಗಳು ತಡ ಆದರೆ ಸ್ಕೋರ್ ಬೀಳುತ್ತೆ" ಅಂತ ಇನ್ನೊಬ್ಬರು. ಕಟ್ಟಿದ್ದನ್ನು ಮಾತ್ರ ಹಿಡಿಯಿರಿ, ಫ್ಯಾನಿ ಮೇ ಮಾಡಿದ ಹಾಗೆ. "ಬಾಡಿಗೆ ಬೇರೆ, ಸಾಲ ಬೇರೆ" ಅಂತ ಮತ್ತೊಬ್ಬರು. ಏನು ಬೇರೆ? ಅದೇ ಸಂಬಳ, ಅದೇ ಒಂದನೇ ತಾರೀಕು, ಅದೇ ಜೇಬು! ಬಾಡಿಗೆ ಕಟ್ಟಿದ್ದಾರೆ, ಕಂತೂ ಕಟ್ಟುತ್ತಾರೆ. ನೂರು ಸಲ ಕೇಳಿ, ನೂರು ಸಲ ಇದನ್ನೇ ಹೇಳುತ್ತೇನೆ. ಕಟ್ಟುತ್ತಾರೆ ಅಂದ್ರೆ ಕಟ್ಟುತ್ತಾರೆ!

ಈ ವಿಡಿಯೋನ ನಿಮ್ಮ ಮನೆ ಮಾಲೀಕರಿಗೆ ವಾಟ್ಸಾಪ್ ಮಾಡಿ. ಅವರಿಗೆ ಬೇಜಾರಾದರೆ ಆಗಲಿ. ಭಾನುವಾರ ಬೆಳಿಗ್ಗೆ ಲೈವ್ ಬರುತ್ತೇನೆ. ಬ್ಯಾಂಕಿನ ಲೋನ್ ವಿಭಾಗದಲ್ಲಿ ಇರುವವರು ಯಾರಾದರೂ ಇದ್ದರೆ ಬನ್ನಿ, ಎದುರಿಗೇ ಮಾತಾಡೋಣ.