ಬಾವಿಯ ರಾಟೆಗೆ ಗ್ರೀಸ್ ಹಚ್ಚಿದ ಕತೆ

ಈ ವಿಡಿಯೊದಲ್ಲಿ ಕೇಳಿಸಿತಲ್ವಾ ಆ ಕೀರಲು? ಬದಿಯಡ್ಕದ ನಮ್ಮ ಮನೆ ಬಾವಿಯ ರಾಟೆ ಇದು. ಪಂಪ್ ಇದೆ, ಆದರೆ ಮಳೆಗಾಲದಲ್ಲಿ ಕರೆಂಟ್ ಇರಬೇಕಲ್ಲ!

ಬಿಚ್ಚಿದ್ದನ್ನು ನೀವೇ ನೋಡಿದಿರಿ. ಈಗ ರಾಟೆ ತಿರುಗುವ ಈ ಅಚ್ಚು ನೋಡಿ. ಮೇಲಿನ ಬದಿ ಮಾತ್ರ ಸವೆದು ಹೊಳೀತಾ ಇದೆ, ಉಳಿದದ್ದೆಲ್ಲ ತುಕ್ಕು. ಕೊಡದ ಭಾರವೆಲ್ಲ ರಾಟೆ ಅಲ್ಲೇ ಕೂತು ಹೊರುವುದು.

ತುಕ್ಕು ಬಿಡಿಸಲು ಪೇಟೆಯಿಂದ 200 ರೂಪಾಯಿ ಕೊಟ್ಟು ಸ್ಪ್ರೇ ತಂದೆ. ಅಂಗೈಯಷ್ಟಿಲ್ಲ ಡಬ್ಬಿ! ಅದರ ಬಾಯಿಗೆ ಸಿಕ್ಕಿಸುವ ಕೆಂಪು ನಳಿಗೆ ಇರುತ್ತಲ್ಲ, ಮೊದಲ ಸಲ ಒತ್ತಿದಾಗಲೇ ಹಾರಿ ಸೀದಾ ಬಾವಿಗೆ. ನೀರಿನ ಮೇಲೆ ತೇಲ್ತಾ ಇದೆ, ಕೊಡ ಇಳಿಸಿ ಎತ್ತೋಣ ಅಂದರೆ ರಾಟೆ ನನ್ನ ಕೈಯಲ್ಲಿ. "ಕುಡಿಯುವ ನೀರು ಮಾರಾಯಾ" ಅಂತ ಅಮ್ಮ. ಕೊನೆಗೆ ಅಡಿಕೆ ದೋಟಿಯ ತುದಿಗೆ ಚಹಾ ಸೋಸುವ ಜಾಲರಿ ಕಟ್ಟಿ, ಹೊಟ್ಟೆ ಕಟ್ಟೆಗೆ ಒತ್ತಿ ಬಗ್ಗಿ, ಅಂತೂ ಎತ್ತಿದ್ದಾಯ್ತು. ಆ ಜಾಲರಿ ಇನ್ನು ಚಹಾಕ್ಕೆ ಬೇಡವಂತೆ, ಹೊಸದು ತರಬೇಕಂತೆ. ಸೇರಿಸಿ ಲೆಕ್ಕ, 200ರ ಮೇಲೆ!

ಈ ಸ್ಪ್ರೇಗಳೆಲ್ಲ ಸುಮ್ನೆ ಹಣ ದಂಡ ಅಂತ ಹೇಳುವವನಿದ್ದೆ. ಆದರೆ ಜಾಮ್ ಆಗಿದ್ದ ನಟ್ ತಿರುಗಿತು, ಹಾಗಾಗಿ ಅಷ್ಟು ಬೈಯುವುದಿಲ್ಲ. ಡಬ್ಲ್ಯುಡಿ-40 ಅಂತ ಇಂಥದ್ದೇ ಒಂದು ಸ್ಪ್ರೇ ಇದೆಯಲ್ಲ, 1953ರಲ್ಲಿ ಅಮೆರಿಕದವರು ಮಾಡಿದ್ದು, ಕ್ಷಿಪಣಿಗೆ ತುಕ್ಕು ಹಿಡಿಯದ ಹಾಗೆ ನೀರು ಓಡಿಸುವುದಕ್ಕೆ. ತೆಳು ದ್ರವ. ಭಾರ ಬಿದ್ದು ತಿರುಗುವ ಜಾಗದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಅಲ್ಲಿಗೆ ಗ್ರೀಸೇ ಆಗಬೇಕು. ಗ್ರೀಸ್ ಅಂದರೆ ಎಣ್ಣೆಯನ್ನು ಸಾಬೂನಿನಂಥದ್ದು ಹಿಡಿದಿಟ್ಟುಕೊಂಡಿರುವುದು. ಅದುಮಿದಷ್ಟೂ ಎಣ್ಣೆ ಜಿನುಗಿ ಎರಡು ಲೋಹದ ನಡುವೆ ಪದರ ಕಟ್ಟುತ್ತದೆ, ಒಂದಕ್ಕೊಂದು ಉಜ್ಜುವುದು ಕಡಿಮೆಯಾಗುತ್ತದೆ. ಸೋಡಿಯಂ ಸಾಬೂನಿನ ಗ್ರೀಸ್ ನೀರಿಗೆ ತೊಳೆದು ಹೋಗುತ್ತದೆ, ನಮ್ಮ ಮಳೆಗೆ ಬೇಡವೇ ಬೇಡ. ಕ್ಯಾಲ್ಸಿಯಂ ಸಾಬೂನಿನ ಗ್ರೀಸ್ ನೀರಿಗೆ ಜಗ್ಗುವುದಿಲ್ಲ. ಅಮ್ಮನಿಗೆ ಮಾತ್ರ ಎಲ್ಲದಕ್ಕೂ ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕೆಟ್ಟು ಕನಲು ವಾಸನೆ ಬರುತ್ತದೆ. ಬಿಸಿ ಅನ್ನ, ಉಪ್ಪಿನಕಾಯಿ, ಮೇಲೊಂದು ಚಮಚ ಎಣ್ಣೆ ಆದರೆ ಬೇರೆ ಮಾತು... ಇರಲಿ, ರಾಟೆ.

ಅಚ್ಚಿಗೆ ಇಷ್ಟೇ, ತೆಳ್ಳಗೆ. ಹೊರಗೆ ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ತೊಟ್ಟಿಕ್ಕುವುದು ಕುಡಿಯುವ ನೀರಿಗೇ. ರಾಟೆಯ ಅಂಚಿನಲ್ಲಿ ಹಗ್ಗ ಓಡುವ ತಗ್ಗಿಗೆ ಹಚ್ಚಬೇಡಿ, ಹಗ್ಗ ಜಾರುತ್ತದೆ, ಕೈಯೆಲ್ಲ ಜಿಡ್ಡು.

ಇನ್ನು ಗೇಟಿನ ಬೀಗ. ಅದಕ್ಕೆ ಗ್ರೀಸ್ ಬೇಡ, ಧೂಳು ಅಂಟಿ ಒಳಗೆ ಕೆಸರಾಗುತ್ತದೆ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟೇ ಅಲ್ವಾ, ಕೀಲಿಕೈಗೆ ಚೆನ್ನಾಗಿ ತೀಡಿ ಒಳಗೆ ಹಾಕಿ ನಾಲ್ಕು ಸಲ ತಿರುಗಿಸಿ... ಅಯ್ಯೋ, ಕ್ಯಾಮೆರಾಕ್ಕೆ ಮಳೆ ಬೀಳ್ತಾ ಇದೆ, ಬಂದ್ ಮಾಡ್ತೇನೆ.