ಸಪ್ಲೈಯರ್ ಬರೆದುಕೊಳ್ಳಲಿಲ್ಲ: ಗಮನ ಮತ್ತು ಗಳಿಗೆಯ ನೆನಪು

(ಪರದೆ ಮೇಲೆ: ಹಳೇ ಹೋಟೆಲ್‌ನ ಕಲ್ಲಿನ ಮೇಜು, ಸ್ಟೀಲ್ ಲೋಟಗಳು. ಹಿನ್ನೆಲೆಯಲ್ಲಿ ತಟ್ಟೆಗಳ ಸದ್ದು.)

ನಮಸ್ಕಾರ. ಕಳೆದ ಭಾನುವಾರ ಬೆಳಗ್ಗೆ ಮನೆಮಂದಿಯೆಲ್ಲ ತಿಂಡಿಗೆ ಹೋಗಿದ್ವಿ. ಆರು ಜನ. ಟೇಬಲ್ ಸಿಕ್ಕಿದ್ದೇ ಪುಣ್ಯ, ಅಷ್ಟು ರಶ್ಶು. ಸಪ್ಲೈಯರ್ ಬಂದು ನಿಂತರು, ವಯಸ್ಸು ಐವತ್ತು ದಾಟಿರಬೇಕು. ಕೈಯಲ್ಲಿ ಚೀಟಿ ಇಲ್ಲ, ಪೆನ್ನಿಲ್ಲ.

ನಮ್ಮ ಆರ್ಡರ್ ಇದು, ನೀವೂ ಕೇಳಿಸ್ಕೊಳ್ಳಿ. ಎರಡು ಮಸಾಲೆ, ಒಂದು ಖಾಲಿ ದೋಸೆ, ಒಂದು ಇಡ್ಲಿ-ವಡೆ ಸಾಂಬಾರಲ್ಲಿ ಮುಳುಗಿಸಿ, ಇನ್ನೊಂದು ಇಡ್ಲಿ-ವಡೆ ಸಾಂಬಾರ್ ಬೇರೆ, ಅಜ್ಜಿಗೆ ಶಾವಿಗೆ ಬಾತ್. ಆಮೇಲೆ ಐದು ಕಾಫಿ, ಒಂದು ಟೀ. ದೊಡ್ಡಪ್ಪನ ಕಾಫಿಗೆ ಸಕ್ಕರೆ ಬೇಡ.

"ಆಯ್ತು" ಅಂದ್ರು, ತಿರುಗಿದ್ರು. ತಿರುಗೋ ಹೊತ್ತಿಗೆ ನಾನೊಂದು ಬಾಲಂಗೋಚಿ ಸೇರಿಸಿದೆ: "ನನಗೆ ಚಟ್ನಿ ಸ್ವಲ್ಪ ಜಾಸ್ತಿ." ತಲೆ ಆಡಿಸಿದ್ರು. ಅಷ್ಟರಲ್ಲಿ ಪಕ್ಕದ ಟೇಬಲ್‌ನವರು "ನಮ್ಮ ಬಿಲ್ ಎಷ್ಟಾಯ್ತು?" ಅಂದ್ರು. ಇವರು ಬಾಯೇ ಬಿಡಲಿಲ್ಲ. ತಡೀರಿ ಅನ್ನೋ ಹಾಗೆ ಕೈ ಎತ್ತಿ, ಯಾರ ಮುಖವನ್ನೂ ನೋಡದೆ, ತುಟಿ ಸಣ್ಣಗೆ ಅಲ್ಲಾಡಿಸ್ಕೊಂಡು ಅಡುಗೆಮನೆ ಕಿಟಕಿವರೆಗೆ ನಡೆದ್ರು. ಅಲ್ಲಿ ಒಂದೇ ಉಸಿರಲ್ಲಿ ಎಲ್ಲಾ ಕೂಗಿದ್ರು. ಕೂಗಿದ್ದೇ ತಡ, ಮುಖ ಸಡಿಲಾಯ್ತು. ವಾಪಸ್ ಬಂದು ಬಿಲ್ ಕೇಳಿದವರ ಹತ್ತಿರ ನಗ್ತಾ ಮಾತಾಡಿದ್ರು.

ಆ ಹದಿನೈದು ಹೆಜ್ಜೆ ನಡೆಯೋವಾಗ ಅವರ ತಲೆಯಲ್ಲಿ ಏನು ನಡೀತು? ಇವತ್ತು ಅದನ್ನೇ ನೋಡೋಣ.

(ಪರದೆ ಮೇಲೆ: 1959)

ಮೊದಲು ಒಂದು ಹಳೇ ಪ್ರಯೋಗ. 1959ರಲ್ಲಿ ಅಮೆರಿಕದ ಲಾಯ್ಡ್ ಪೀಟರ್ಸನ್ ಮತ್ತು ಮಾರ್ಗರೆಟ್ ಪೀಟರ್ಸನ್ ದಂಪತಿ ವಿದ್ಯಾರ್ಥಿಗಳಿಗೆ ಬರೀ ಮೂರು ಅಕ್ಷರ ಕೊಟ್ಟರು. ಅರ್ಥವಿಲ್ಲದ ಮೂರು ವ್ಯಂಜನ, ಅಷ್ಟೇ. ಮೂರಕ್ಷರ ಯಾರಿಗೆ ನೆನಪಿರಲ್ಲ ಹೇಳಿ? ಆದ್ರೆ ಅಕ್ಷರ ಕೊಟ್ಟ ತಕ್ಷಣ ಇನ್ನೊಂದು ಕೆಲಸ ಹಚ್ಚಿದ್ರು: ಒಂದು ದೊಡ್ಡ ಸಂಖ್ಯೆಯಿಂದ ಮೂರು ಮೂರು ಕಳೀತಾ ಜೋರಾಗಿ ಹೇಳಿ. 18 ಸೆಕೆಂಡ್ ಹೀಗೆ ಕಳೀತಾ ಹೋದವರಿಗೆ, ಕೊಟ್ಟ ಅಕ್ಷರಗಳು ಹತ್ತರಲ್ಲಿ ಒಂದು ಸಲವೂ ಸರಿಯಾಗಿ ನೆನಪಿಗೆ ಬರಲಿಲ್ಲ.

ಲೆಕ್ಕ ಯಾಕೆ ಮಾಡಿಸಿದ್ರು? ಸುಮ್ಮನೆ ಕೂರಿಸಿದ್ರೆ ಅವರು ಒಳಗೊಳಗೇ ಆ ಅಕ್ಷರಗಳನ್ನ ಜಪ ಮಾಡ್ತಾ ಇರ್ತಿದ್ರು, ಮರೀತಾನೇ ಇರಲಿಲ್ಲ. ಲೆಕ್ಕ ಅವರ ಗಮನವನ್ನ ಆ ಕಡೆ ಎಳ್ಕೊಂಡು ಹೋಯ್ತು. ಗಮನ ಹೋದ ಹಿಂದೆಯೇ ಅಕ್ಷರವೂ ಹೋಯ್ತು. ಇದರಲ್ಲಿ ಒಂದು ಸ್ವಾರಸ್ಯ ಇದೆ. 1962ರಲ್ಲಿ ಬೇರೆ ಇಬ್ಬರು ಸಂಶೋಧಕರು ಮತ್ತೆ ಪರೀಕ್ಷೆ ಮಾಡಿ ನೋಡಿದಾಗ, ಮೊಟ್ಟಮೊದಲ ಸರದಿಯಲ್ಲಿ ಯಾರೂ ಅಷ್ಟಾಗಿ ಮರೀತಿರಲಿಲ್ಲ. ಎರಡನೇದು, ಮೂರನೇದು ಬಂದ ಹಾಗೆ ಹಿಂದಿನ ಅಕ್ಷರಗಳು ಅಡ್ಡ ಬರೋಕೆ ಶುರುವಾಗಿದ್ವು. ಮೊದಲ ಓಟಿಪಿ ಸಲೀಸಾಗಿ ಹೊಡೆದು, ಎರಡನೇ ಸಲ ಬಂದ ಓಟಿಪಿಯಲ್ಲಿ ಹಳೇದನ್ನೇ ಬೆರೆಸಿ ಹೊಡೀತೀವಲ್ಲ, ಆ ಥರ.

ನಾವು ನೆನಪು ಅಂದ್ರೆ ಒಂದು ಅಟ್ಟ, ಸಾಮಾನು ಇಟ್ಟರೆ ಅಲ್ಲೇ ಇರುತ್ತೆ ಅಂದ್ಕೊಂಡಿರ್ತೀವಿ. ಊರಿನ ದಾರಿ, ಬಾಲ್ಯದ ಹಾಡು, ಇವುಗಳ ಮಟ್ಟಿಗೆ ಆ ಹೋಲಿಕೆ ಹೇಗೋ ನಡೆಯುತ್ತೆ. ಗಳಿಗೆಯ ನೆನಪಿಗೆ, ಅಂದ್ರೆ ಸ್ವಲ್ಪ ಹೊತ್ತಿಗಷ್ಟೇ ಹಿಡಿದಿಡೋ ನೆನಪಿಗೆ, ನಡೆಯಲ್ಲ. ಅದು ಬೊಗಸೆಯಲ್ಲಿ ಹಿಡಿದ ನೀರು. ಬೆರಳು ಬಿಗಿ ಇರೋತನಕ ಇರುತ್ತೆ. ಆ ಬೆರಳೇ ಗಮನ.

(ಪರದೆ ಮೇಲೆ: 7, ಆಮೇಲೆ ಅದು 4 ಆಗುತ್ತದೆ)

ಬೊಗಸೆ ಎಷ್ಟು ದೊಡ್ಡದು? 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಏಳು ಸಂಗತಿ ಅಂದ್ರು, ಎರಡು ಹೆಚ್ಚು ಅಥವಾ ಎರಡು ಕಮ್ಮಿ. ಆ ಏಳು ಎಷ್ಟು ಪ್ರಸಿದ್ಧ ಆಯ್ತು ಅಂದ್ರೆ, ಇವತ್ತಿಗೂ ಆಫೀಸ್ ಟ್ರೇನಿಂಗ್‌ಗಳಲ್ಲಿ ಸ್ಲೈಡ್ ಹಾಕ್ತಾರೆ. ಮಿಲ್ಲರ್ ತಮಾಷೆಯಾಗೇ ಬರೆದಿದ್ದರು, ಒಂದು ಅಂಕಿ ವರ್ಷಗಳಿಂದ ನನ್ನ ಬೆನ್ನು ಹತ್ತಿದೆ ಅಂತ. ಆಮೇಲೆ 2001ರಲ್ಲಿ ನೆಲ್ಸನ್ ಕೋವನ್, ಜಪ ಮಾಡೋಕೆ ಬಿಡದೆ, ಜೋಡಿಸ್ಕೊಳ್ಳೋಕೆ ಬಿಡದೆ ಪರೀಕ್ಷಿಸಿದ್ರೆ ನಿಜವಾಗಿ ಹಿಡಿಯೋದು ಸುಮಾರು ನಾಲ್ಕು ಅಂತ ವಾದಿಸಿದ್ರು. ನನಗೆ ನಾಲ್ಕೇ ಹೆಚ್ಚು ನಂಬಿಕೆ ಹುಟ್ಟಿಸೋದು. ನನ್ನ ವಿಷಯಕ್ಕೆ ಬಂದ್ರೆ ಸೊಪ್ಪು, ಹಾಲು, ಬ್ಯಾಟರಿ ಸೆಲ್ಲು, ಅದರಾಚೆ ಹೇಳಿದ್ದು ಮನೆ ತಲುಪಲ್ಲ.

ಈಗ ಆ ಜಪದ ವಿಷಯ. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಒಂದು ಚಿತ್ರ ಕೊಟ್ಟರು. ಕೇಳಿದ್ದನ್ನ ಒಳಧ್ವನಿಯಲ್ಲಿ ಸುತ್ತಿ ಸುತ್ತಿ ಹೇಳಿಕೊಳ್ಳೋ ಒಂದು ಭಾಗ, ನೋಡಿದ್ದನ್ನ ಗೀಚಿಟ್ಟುಕೊಳ್ಳೋ ಹಲಗೆ ಥರದ ಇನ್ನೊಂದು ಭಾಗ, ಇವೆರಡಕ್ಕೂ ಮೇಸ್ತ್ರಿ ಥರ ಗಮನ. ಸಪ್ಲೈಯರ್ ತುಟಿ ಅಲ್ಲಾಡ್ತಾ ಇತ್ತಲ್ಲ, ಅದು ಮೊದಲನೇ ಭಾಗ ಹೊರಗೆ ಇಣುಕಿದ್ದು.

ಒಳಧ್ವನಿಯ ಈ ಸುತ್ತಿಗೊಂದು ಅಳತೆ ಸಿಕ್ಕಿದೆ. ಬ್ಯಾಡ್ಲಿ ತಂಡ 1975ರಲ್ಲಿ ತೋರಿಸಿದ್ದು: ಸುಮಾರು ಎರಡು ಸೆಕೆಂಡಲ್ಲಿ ನೀವು ಎಷ್ಟು ಪದ ಹೇಳಬಲ್ಲಿರೋ ಅಷ್ಟು ಪದ ನಿಲ್ಲುತ್ತೆ. ಪದ ಉದ್ದ ಆದ್ರೆ ನಿಲ್ಲೋದು ಕಮ್ಮಿ. ಇದರಿಂದ ಭಾಷೆಗೂ ನೆನಪಿಗೂ ನಂಟು ಬಂತು. ಬ್ರಿಟನ್ನಿನ ವೇಲ್ಸ್‌ನಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಗೊತ್ತಿರುವವರು ಇಂಗ್ಲಿಷಲ್ಲಿ ಹೆಚ್ಚು ಅಂಕಿ ನೆನಪಿಟ್ಟುಕೊಂಡರು, ವೆಲ್ಷ್‌ನಲ್ಲಿ ಕಮ್ಮಿ. ಕಾರಣ ಬುದ್ಧಿ ಅಲ್ಲ. ವೆಲ್ಷ್ ಅಂಕಿಗಳನ್ನ ಹೇಳೋಕೆ ಹೆಚ್ಚು ಹೊತ್ತು ಬೇಕು. 1980ರ ಅಧ್ಯಯನ ಇದು.

ಈಗ ಕನ್ನಡ ನೋಡಿ. ಒಂದು, ಎರಡು, ಮೂರು, ನಾಲ್ಕು... ಒಂಬತ್ತು. ಎರಡಕ್ಷರಕ್ಕಿಂತ ಕಮ್ಮಿ ಇರೋ ಅಂಕಿ ಒಂದೂ ಇಲ್ಲ, ಒಂಬತ್ತಂತೂ ಬಾಯಿ ತುಂಬುತ್ತೆ. ನೈನ್, ಏಟ್, ಫೋರ್ ಅಂದ್ರೆ ಮುಗೀತು. ಮನೇಲಿ ಒಂದು ಸಲ ಮಾಡಿ ನೋಡಿ. ಒಬ್ಬರು ಸೆಕೆಂಡಿಗೊಂದರಂತೆ ಎಂಟು ಅಂಕಿ ಓದಲಿ, ಇನ್ನೊಬ್ಬರು ವಾಪಸ್ ಹೇಳಲಿ. ಒಂದು ಸಲ ಕನ್ನಡದಲ್ಲಿ, ಒಂದು ಸಲ ಇಂಗ್ಲಿಷಲ್ಲಿ. ಫಲಿತಾಂಶ ಕಾಮೆಂಟಲ್ಲಿ ಹಾಕಿ. ಕಂಗ್ಲಿಷ್ ಅಂತ ಬೈಯೋ ಮೊದಲು, ಅಂಗಡಿಯವರು ಫೋನ್ ನಂಬರ್ ಯಾಕೆ ಇಂಗ್ಲಿಷಲ್ಲೇ ಹೇಳ್ತಾರೆ ಅಂತ ಸ್ವಲ್ಪ ಯೋಚನೆ ಮಾಡಬಹುದು.

(ಪರದೆ ಮೇಲೆ: ಕಲ್ಯಾಣ ಮಂಟಪ. ವಾಲಗ, ಮೈಕು, ಮಕ್ಕಳ ಗಲಾಟೆ.)

ಹಿಡಿದಿಡೋದು ಒಂದು ಕಷ್ಟ. ಬೇಡದ್ದನ್ನ ಒಳಗೆ ಬಿಡದೇ ಇರೋದು ಇನ್ನೊಂದು ಕಷ್ಟ. ಮದುವೆ ಮನೇಲಿ ವಾಲಗ ಮೊಳಗ್ತಾ ಇದ್ರೂ ಎದುರಿಗೆ ಕೂತ ಚಿಕ್ಕಮ್ಮನ ಮಾತು ಕೇಳುತ್ತೆ. ಮಿಕ್ಕಿದ್ದೆಲ್ಲ ಸದ್ದು. ಕಾಲಿನ್ ಚೆರ್ರಿ 1953ರಲ್ಲಿ ಹೆಡ್‌ಫೋನ್ ಹಾಕಿ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿದ್ರು, ಒಂದೇ ಕಿವಿಗೆ ಗಮನ ಕೊಡಿ ಅಂದ್ರು. ಆಚೆ ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದಿದ್ದೇ ಜನಕ್ಕೆ ಗೊತ್ತಾಗಲಿಲ್ಲ! ಆದ್ರೆ ನೆವಿಲ್ ಮೋರೆ 1959ರಲ್ಲಿ ಆ ಬಿಟ್ಟ ಕಿವಿಯಲ್ಲಿ ಕೇಳುಗರ ಸ್ವಂತ ಹೆಸರು ಹೇಳಿಸಿದಾಗ, ಸುಮಾರು ಮೂರರಲ್ಲಿ ಒಬ್ಬರಿಗೆ ಕೇಳಿಸ್ತು.

ಯಾರಿಗೆ ಕೇಳಿಸ್ತು? ಜಾಣರಿಗೆ ಅಂತ ನಾನು ಅಂದ್ಕೊಂಡಿದ್ದೆ. ಉಲ್ಟಾ. 2001ರಲ್ಲಿ ಕಾನ್‌ವೇ, ಕೋವನ್ ಮತ್ತು ಬಂಟಿಂಗ್ ಇದನ್ನ ಹುಡುಕಿದ್ರು. ಗಳಿಗೆಯ ನೆನಪಿನಲ್ಲಿ ಇಟ್ಟುಕೊಂಡು ಕೆಲಸ ಮಾಡೋ ಶಕ್ತಿ ಕಮ್ಮಿ ಇದ್ದವರಲ್ಲಿ 65% ಜನಕ್ಕೆ ತಮ್ಮ ಹೆಸರು ಕೇಳಿಸ್ತು, ಹೆಚ್ಚು ಇದ್ದವರಲ್ಲಿ ಬರೀ 20%. ಅಂದ್ರೆ ಬೊಗಸೆ ದೊಡ್ಡದು ಅಂತ ನಾವು ಕರೆಯೋದರಲ್ಲಿ ಒಂದು ಪಾಲು, ಬಾಗಿಲಲ್ಲಿ ನಿಂತ ಕಾವಲುಗಾರನ ಬಿಗಿ. ಬಿಲ್ ಕೇಳಿದವರಿಗೆ ಎತ್ತಿದ ಆ ಕೈ ನೆನಪಿದೆಯಲ್ಲ?

ಗಮನ ಮತ್ತು ಗಳಿಗೆಯ ನೆನಪಿನ ಈ ಜೋಡಿ ಎಷ್ಟು ಗಟ್ಟಿ, ಎಷ್ಟು ನಾಜೂಕು ಅನ್ನೋದಕ್ಕೆ ಹೆನ್ರಿ ಮೊಲೈಸನ್ ಕಥೆ ಹೇಳಲೇಬೇಕು. ಮೂರ್ಛೆ ರೋಗಕ್ಕೆ ಅಂತ 1953ರಲ್ಲಿ ಅವರ ಮೆದುಳಿಗೆ ಆಪರೇಷನ್ ಆಯ್ತು. ಆಮೇಲೆ ಹೊಸ ನೆನಪು ಕೂರೋದೇ ನಿಂತುಹೋಯ್ತು. 2008ರಲ್ಲಿ ತೀರಿಕೊಳ್ಳೋವರೆಗೂ ಹಾಗೇ ಬದುಕಿದ್ರು. ಒಂದು ಸಲ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಹೆನ್ರಿಗೆ 584 ಅನ್ನೋ ಸಂಖ್ಯೆ ಕೊಟ್ಟು ನೆನಪಿಟ್ಕೊಳ್ಳಿ ಅಂದ್ರು. ಕಾಲು ಗಂಟೆ ಆದಮೇಲೂ ಅವರು ಸರಿಯಾಗಿ ಹೇಳಿದ್ರು! ಹೇಗೆ ಅಂದ್ರೆ, ಐದು, ಎಂಟು, ನಾಲ್ಕು ಕೂಡಿದ್ರೆ ಹದಿನೇಳು, ಅದರಿಂದ ಹೀಗೆ ಹೀಗೆ ಅಂತ ಏನೇನೋ ಲೆಕ್ಕ ಕಟ್ಟಿಕೊಂಡು, ಬಿಡದೆ ಅದನ್ನೇ ಹಿಡ್ಕೊಂಡು ಕೂತಿದ್ರು. ಆಮೇಲೆ ಮಾತು ಬೇರೆ ಕಡೆ ಹೊರಳ್ತು. ಒಂದೆರಡು ನಿಮಿಷದಲ್ಲಿ ಸಂಖ್ಯೆ ಹೋಗಿತ್ತು, ಸಂಖ್ಯೆ ಕೊಟ್ಟಿದ್ರು ಅನ್ನೋದೂ ಹೋಗಿತ್ತು.

ನಮಗೆ ಬೊಗಸೆ ಸೋರಿದ್ರೂ ಕೆಳಗೊಂದು ಕೊಡ ಇದೆ, ಸ್ವಲ್ಪವಾದ್ರೂ ಅದರಲ್ಲಿ ಬೀಳುತ್ತೆ. ಅವರಿಗೆ ಕೊಡ ಇರಲಿಲ್ಲ. ಇದ್ದಿದ್ದು ಬೊಗಸೆ ಒಂದೇ.

(ಪರದೆ ಮೇಲೆ: 94480, ಮುಂದೆ ಐದು ಖಾಲಿ ಮನೆ)

ಈ ಕೊಡ ಸುಮ್ಮನೆ ಕೆಳಗಿರಲ್ಲ, ಬೊಗಸೆಗೂ ಸಹಾಯ ಮಾಡುತ್ತೆ. ಕರ್ನಾಟಕದಲ್ಲಿ ಮೊಬೈಲ್ ಬಂದ ಕಾಲ ನೋಡಿದವರಿಗೆ 94480 ಅಂದ ತಕ್ಷಣ ಅದು ಐದು ಅಂಕಿ ಅನ್ನಿಸಲ್ಲ. ಓ, ಬಿಎಸ್‌ಎನ್‌ಎಲ್ ನಂಬರು, ಅಷ್ಟೇ. ಐದು ಅಂಕಿ ಒಂದೇ ಗಂಟು. ಉಳಿದ ಐದನ್ನ ಹಿಡಿದ್ರೆ ಸಾಕು. ಈಗಿನ ಹುಡುಗರಿಗೆ ಹತ್ತಕ್ಕೆ ಹತ್ತೂ ಬಿಡಿ ಅಂಕಿಗಳು.

ಗಂಟು ಕಟ್ಟೋ ಕಲೆಯನ್ನ ಸಪ್ಲೈಯರ್‌ಗಳಲ್ಲೇ ಅಧ್ಯಯನ ಮಾಡಿದ್ದಾರೆ. ಅಮೆರಿಕದ ಒಬ್ಬ ಸಪ್ಲೈಯರ್, ಸಂಶೋಧನೆಯಲ್ಲಿ ಅವರ ಹೆಸರು ಬರೀ ಜೆ.ಸಿ. ಇಪ್ಪತ್ತು ಜನರ ಪೂರ್ತಿ ಊಟದ ಆರ್ಡರ್ ಬರೆಯದೆ ನೆನಪಿಟ್ಟುಕೊಳ್ತಿದ್ರು. ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ 1988ರಲ್ಲಿ ಅವರ ಗುಟ್ಟು ಬರೆದ್ರು. ಜೆ.ಸಿ. ಗಿರಾಕಿ ಗಿರಾಕಿ ಲೆಕ್ಕದಲ್ಲಿ ನೆನಪಿಟ್ಟುಕೊಳ್ತಾ ಇರಲಿಲ್ಲ. ಸಲಾಡ್‌ಗೆ ಹಾಕೋ ರಸಗಳ ಮೊದಲಕ್ಷರ ಎಲ್ಲಾ ಒಂದು ಕಡೆ ಜೋಡಿಸಿ ಪದ ಮಾಡ್ಕೊಳ್ತಿದ್ರು, ಮಾಂಸ ಎಷ್ಟು ಬೇಯಬೇಕು ಅನ್ನೋದನ್ನ ಏರಿಳಿಯೋ ಗೆರೆ ಥರ ಕಲ್ಪಿಸ್ಕೊಳ್ತಿದ್ರು.

ಇದೇ ಎರಿಕ್ಸನ್ ಇನ್ನೊಬ್ಬ ಕಾಲೇಜು ಹುಡುಗನಿಗೆ ವರ್ಷಕ್ಕೂ ಮೇಲೆ ಅಭ್ಯಾಸ ಮಾಡಿಸಿದಾಗ, ಏಳು ಅಂಕಿ ಹೇಳ್ತಿದ್ದವನು ಹತ್ತಿರ ಹತ್ತಿರ 80 ಅಂಕಿಗೆ ಬಂದ. ಹುಡುಗ ಓಟಗಾರ, ಅಂಕಿಗಳನ್ನ ಓಟದ ಟೈಮಿಂಗ್ ಮಾಡ್ಕೊಳ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟರು ನೋಡಿ, ದಡಕ್ಕನೆ ಆರಕ್ಕೆ ಇಳಿದ. ಬೊಗಸೆ ಬೆಳೆದಿರಲೇ ಇಲ್ಲ.

(ಪರದೆ ಮೇಲೆ: ವೇದಿಕೆ, ನಡುವೆ ಒಬ್ಬರು, ಸುತ್ತ ಎಂಟು ಆಸನ)

ಇದೆಲ್ಲ ಹೇಳ್ತಾ ನಮ್ಮದೇ ಕಲೆ ಒಂದನ್ನ ಬಿಟ್ಟರೆ ಹೇಗೆ? ಅಷ್ಟಾವಧಾನ. ಅವಧಾನ ಅನ್ನೋ ಪದದ ಅರ್ಥವೇ ಗಮನ. ನಡುವೆ ಅವಧಾನಿ, ಸುತ್ತ ಎಂಟು ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳುವವರು. ಒಬ್ಬರು ಒಂದೊಂದು ಅಕ್ಷರಕ್ಕೂ ಮುಂದೆ ಬರಬಹುದಾದ ಅಕ್ಷರವನ್ನ ನಿಷೇಧಿಸ್ತಾರೆ. ಒಬ್ಬರು ಅಸಂಬದ್ಧ ಅನ್ನಿಸೋ ಕೊನೇ ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿ ಅಂತಾರೆ. ಒಬ್ಬರು ನಾಲ್ಕು ಪದ ಕೊಟ್ಟು ಸಾಲಿಗೊಂದು ಸೇರಿಸಿ ಅಂತಾರೆ. ಇನ್ನೊಬ್ಬರು ಮಧ್ಯೆ ಮಧ್ಯೆ ಸಂಖ್ಯಾಬಂಧದ, ಅಂದ್ರೆ ಅಡ್ಡ ಉದ್ದ ಕೂಡಿದ್ರೂ ಒಂದೇ ಮೊತ್ತ ಬರೋ ಅಂಕಿ ಚೌಕದ, ಯಾವುದೋ ಮನೆಯ ಅಂಕಿ ಕೇಳ್ತಾರೆ. ಒಂದು ಸುತ್ತಿಗೆ ಪದ್ಯದ ಒಂದೇ ಸಾಲು. ಅರ್ಧ ಕಟ್ಟಿದ ಪದ್ಯಗಳನ್ನೆಲ್ಲ ತಲೆಯಲ್ಲಿ ನೇತುಹಾಕ್ಕೊಂಡು ಮುಂದಿನವರ ಕಡೆ ತಿರುಗಬೇಕು. ಕೊನೆಗೆ ಧಾರಣೆ, ಅಂದ್ರೆ ಎಲ್ಲಾ ಪದ್ಯ ಪೂರ್ತಿ ಹೇಳೋದು. ಕಾಗದ ಇಲ್ಲ. ಶತಾವಧಾನಿ ಆರ್. ಗಣೇಶ್ ಅವರು ಇಂಥ ಅವಧಾನ ಸಾವಿರಕ್ಕೂ ಹೆಚ್ಚು ಮಾಡಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಅಪ್ರಸ್ತುತ ಪ್ರಸಂಗಿ. ಅವರ ಕೆಲಸ ಒಂದೇ, ಯಾವಾಗೆಂದ್ರೆ ಆವಾಗ ಸಂಬಂಧ ಇಲ್ಲದ ಪ್ರಶ್ನೆ ಎಸೆದು ಅವಧಾನಿಯ ಗಮನ ಕದಡೋದು. ಪೀಟರ್ಸನ್ ದಂಪತಿ ಮಾಡಿಸಿದ ಲೆಕ್ಕದ ಕೆಲಸವನ್ನೇ ಇಲ್ಲಿ ನಗು ಬರಿಸೋ ಹಾಗೆ ಒಬ್ಬರು ಮಾಡ್ತಾರೆ. ಹಾಗಾದ್ರೆ ಅವಧಾನಿಯ ಪದ್ಯ ಯಾಕೆ ಸೋರಿಹೋಗಲ್ಲ? ನನ್ನ ಅಂದಾಜು ಇದು: ಛಂದಸ್ಸು ಅಲ್ಲಿ ಕೊಕ್ಕೆಯ ಕೆಲಸ ಮಾಡುತ್ತೆ. ಸಾಲಿನ ಅಳತೆ ಮೊದಲೇ ಗೊತ್ತು. ಕನ್ನಡ ಪದ್ಯದಲ್ಲಿ ಆದಿಪ್ರಾಸ ಇದೆ, ಮೊದಲ ಸಾಲಿನ ಎರಡನೇ ಅಕ್ಷರದ ವ್ಯಂಜನವೇ ಮಿಕ್ಕ ಸಾಲುಗಳಲ್ಲೂ ಅದೇ ಜಾಗದಲ್ಲಿ ಬರಬೇಕು. ಒಂದು ಎಳೆ ಹಿಡಿದ್ರೆ ಉಳಿದದ್ದು ಬರೋಕೆ ದಾರಿ ಇದೆ. ಸಂಖ್ಯಾಬಂಧಕ್ಕೂ ಕಟ್ಟೋ ಸೂತ್ರ ಇದೆ, 25 ಮನೆ ಇದ್ರೆ 25 ಅಂಕಿ ಹೊರಬೇಕಿಲ್ಲ. ವರ್ಷಗಟ್ಟಲೆ ಕಲಿತದ್ದೆಲ್ಲ ಕೊಡದಲ್ಲಿದೆ, ಬೊಗಸೆಗೆ ಬರೀ ಎಳೆಯ ತುದಿ. ಇಷ್ಟಾದ್ರೂ ಪ್ರಸಂಗಿಗೆ ಉತ್ತರ ಕೊಟ್ಟು, ನಗಿಸಿ, ಬಿಟ್ಟ ಜಾಗಕ್ಕೆ ಸರಿಯಾಗಿ ವಾಪಸ್ ಬರೋದಿದೆಯಲ್ಲ, ಅದಕ್ಕೆ ನಾನು ಯಾವ ಸೂತ್ರವನ್ನೂ ಹೇಳಲಾರೆ, ಕೈ ಮುಗೀಬೇಕು ಅಷ್ಟೇ.

(ಪರದೆ ಮೇಲೆ: ಮತ್ತೆ ಹೋಟೆಲ್)

ನಮ್ಮ ಹೋಟೆಲ್‌ಗೆ ವಾಪಸ್ ಬರೋಣ. ಪರದೆ ನೋಡಬೇಡಿ, ಹಿಂದಕ್ಕೂ ಎಳೀಬೇಡಿ. ಟೀ ಎಷ್ಟು? ಅಜ್ಜಿಗೆ ಏನು? ಸಕ್ಕರೆ ಯಾರಿಗೆ ಬೇಡ?

ಬಂದ ತಿಂಡಿಯನ್ನ ಸಪ್ಲೈಯರ್ ಯಾರನ್ನೂ ಕೇಳದೆ ಅವರವರ ಮುಂದೇ ಇಟ್ಟರು. ಸಕ್ಕರೆ ಇಲ್ಲದ ಕಾಫಿ ಸೀದಾ ದೊಡ್ಡಪ್ಪನ ಕೈಗೆ. ನನಗೆ ತಡೆಯೋಕಾಗಲಿಲ್ಲ, "ಹೆಂಗ್ ನೆನಪಿಟ್ಕೊಳ್ತೀರಿ ಯಜಮಾನ್ರೇ?" ಅಂತ ಕೇಳಿದೆ. "ಜನ ನೋಡಲ್ಲ ಸಾರ್, ಕುರ್ಚಿ ನೋಡ್ತೀನಿ. ಗೋಡೆ ಕಡೆಯಿಂದ ಸುತ್ತು ಬರ್ತೀನಿ" ಅಂದ್ರು. ಮಾತಾಡ್ತಾನೇ ಖಾಲಿ ತಟ್ಟೆ ಎತ್ಕೊಂಡ್ರು.

ನನ್ನ ಮಸಾಲೆ ದೋಸೆ ಪಕ್ಕ ಚಟ್ನಿ ಎಲ್ಲರಿಗೂ ಇದ್ದಷ್ಟೇ ಇತ್ತು.