ಬಚ್ಚಲುಮನೆಯ ನೆಲವನ್ನು ಮತ್ತೆ ಒಡೆಸಿದೆವು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮೈಸೂರಿನ ನಮ್ಮ ಮನೆಯ ಬಚ್ಚಲುಮನೆಯನ್ನು ನಾನು ಮೊದಲು ಚಿತ್ರೀಕರಿಸಿದ ದೃಶ್ಯ. ಟೈಲ್ಸ್, ನಲ್ಲಿ, ಬಾಗಿಲು ಎಲ್ಲವೂ ಹೊಸದು. ಕೆಲಸ ಮುಗಿದು ಆಗ ಮೂರು ತಿಂಗಳೂ ಆಗಿರಲಿಲ್ಲ. ಆದರೂ ಸ್ನಾನ ಮುಗಿದು ಅರ್ಧ ಗಂಟೆಯಾದ ಮೇಲೂ ನೀರು ಜಾಲರಿಯ ಕಡೆಗೆ ಹರಿಯದೆ ಬಾಗಿಲ ಬಳಿಯೇ ನಿಂತಿದೆ. 72 ವರ್ಷದ ನಮ್ಮ ಅಮ್ಮ ದಿನವೂ ಅದನ್ನೇ ತುಳಿದು ಹೊರಬರಬೇಕಿತ್ತು. ಅವರು ಹೊರಗೆ ಬರುವವರೆಗೆ ನಾನು ಬಾಗಿಲ ಬಳಿಯೇ ಕಾಯುತ್ತಿದ್ದೆ.

ಬಚ್ಚಲಿನ ನೆಲಕ್ಕೆ ಒಂದು ಮೀಟರಿಗೆ ಸುಮಾರು 10ರಿಂದ 12 ಮಿಲಿಮೀಟರ್ ವಾಟ, ಅಂದರೆ ಜಾಲರಿಯ ಕಡೆಗೆ ಇಳಿಜಾರು, ಇರಬೇಕು. ರಸಮಟ್ಟ ಇಟ್ಟು ನೋಡಿದಾಗ ನಮ್ಮ ನೆಲ ಬಾಗಿಲ ಕಡೆಗೇ ಇಳಿದಿತ್ತು. ಆಮೇಲೆ ಒಂದೊಂದೇ ಟೈಲನ್ನು ಮರದ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬಂದವುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. 22ರಲ್ಲಿ 9 ಟೈಲುಗಳು ಟೊಳ್ಳಾಗಿದ್ದವು. ಗಾರೆಯನ್ನು ಪೂರ್ತಿ ಹರಡದೆ ಅಲ್ಲಲ್ಲಿ ಮುದ್ದೆಯಾಗಿ ಇಟ್ಟು ಅಂಟಿಸಿದರೆ ಹೀಗಾಗುತ್ತದೆ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಪಕ್ಕದ ಮಲಗುವ ಕೋಣೆಯ ಗೋಡೆ. ಅಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತಿತ್ತು. ತೇವ ಪೈಪಿನಿಂದ ಬರುತ್ತಿದೆಯೋ ನೆಲದಿಂದ ಬರುತ್ತಿದೆಯೋ ತಿಳಿಯದೆ ಯಾರನ್ನೂ ದೂರಬಾರದು ಎಂದು, ಬೇರೊಬ್ಬ ಪ್ಲಂಬರನ್ನು ಕರೆಸಿ, ಪೈಪುಗಳ ಬಾಯಿಗಳನ್ನೆಲ್ಲ ಮುಚ್ಚಿಸಿ ಒತ್ತಡದ ಮೀಟರ್ ಹಾಕಿಸಿದೆ. ಎರಡು ಗಂಟೆಯಾದರೂ ಮುಳ್ಳು ಇಳಿಯಲಿಲ್ಲ. ನೀರು ಸೋರುತ್ತಿದ್ದದ್ದು ನೆಲದಿಂದಲೇ ಎಂದಾಯಿತು.

ಈ ಕೆಲಸ ಮಾಡಿಸಿದ್ದ ಗುತ್ತಿಗೆದಾರರು ಬಂದು ನೋಡಿ, "ಜಾಯಿಂಟ್‌ಗೆಲ್ಲ ಬಿಳಿ ಸಿಮೆಂಟ್ ತುಂಬಿಸಿಬಿಡೋಣ ಮೇಡಂ, ಸರಿಹೋಗುತ್ತೆ" ಎಂದರು. ನಾನು ಒಪ್ಪಲಿಲ್ಲ. ಟೈಲುಗಳ ಸಂದಿಗೆ ತುಂಬುವ ಪದಾರ್ಥ ಯಾವುದೇ ಆಗಿರಲಿ, ನೀರನ್ನು ತಡೆಯಬೇಕಾದದ್ದು ಟೈಲಿನ ಕೆಳಗಿರುವ ವಾಟರ್‌ಪ್ರೂಫಿಂಗ್ ಪದರ. ಮೇಲಿನ ತೇಪೆಯಿಂದ ಕೆಳಗಿನ ತಪ್ಪು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಅವರು ಎರಡು ವಾರ ಫೋನ್ ಎತ್ತದಿದ್ದಾಗ, ಅಳತೆ, ದಿನಾಂಕವಿರುವ ಫೋಟೊ, ಹಣ ಕೊಟ್ಟ ರಸೀದಿ ಎಲ್ಲವನ್ನೂ ಸೇರಿಸಿ, 15 ದಿನಗಳ ಗಡುವು ಕೊಟ್ಟು ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಹಣ ಪಡೆದು ಮಾಡಿಕೊಡುವ ಇಂಥ ಕೆಲಸವೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ ಆಗಿದ್ದು, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಇದನ್ನು ಪತ್ರದಲ್ಲಿ ಸೌಮ್ಯವಾಗಿಯೇ ಬರೆದಿದ್ದೆ. ನಾವು 30,000 ರೂಪಾಯಿ ಬಾಕಿ ಉಳಿಸಿಕೊಂಡಿದ್ದೂ ನೆರವಾಯಿತು. ಹನ್ನೊಂದನೆಯ ದಿನ ಅವರು ಮೇಸ್ತ್ರಿಯೊಂದಿಗೆ ಬಂದರು.

ನೆಲ ಒಡೆದಾಗ ಕಂಡದ್ದು ಇದು: ವಾಟರ್‌ಪ್ರೂಫಿಂಗ್ ಲೇಪನ ನೆಲಕ್ಕಷ್ಟೇ ಬಿದ್ದಿದೆ, ಗೋಡೆಯ ಮೇಲೆ ಒಂದು ಬೆರಳಿನಷ್ಟೂ ಏರಿಲ್ಲ, ಜಾಲರಿಯ ಕೆಳಗೆ ನೀರು ಹೊರಹೋಗುವ ಟ್ರ್ಯಾಪಿನ ಸುತ್ತ ಬರೀ ಸಿಮೆಂಟ್ ಮೆತ್ತಿದ್ದಾರೆ. ಈ ಬಾರಿ ಮೂಲೆಗಳನ್ನು ದುಂಡಗೆ ಮಾಡಿಸಿ, ಗೋಡೆಗಳ ಮೇಲೆ ಒಂದು ಅಡಿಯವರೆಗೆ, ಶವರ್ ಇರುವ ಕಡೆ ಆರು ಅಡಿಯವರೆಗೆ ಎರಡು ಕೋಟ್ ಹೊಡೆಸಿದೆವು. ಲೇಪನ ಪೂರ್ತಿ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆಯ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆವು. 48 ಗಂಟೆಗಳ ನಂತರ ನೀರು ಗೆರೆಯಲ್ಲೇ ಇತ್ತು. ಮೊದಲ ಸಲವೇ ಈ ಪರೀಕ್ಷೆಗೆ ಪಟ್ಟು ಹಿಡಿಯಬೇಕಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ.

ಟೈಲ್ಸ್ ಹಾಕಿದ ಮೇಲೆ ಮೇಸ್ತ್ರಿಯವರು ತಾವಾಗಿಯೇ ಬಾಗಿಲ ಬಳಿ ಒಂದು ಚೊಂಬು ನೀರು ಸುರಿದು, ಅದು ಜಾಲರಿ ಸೇರುವವರೆಗೆ ಕುಳಿತು ನೋಡಿದರು. ಬಾಕಿ ಹಣವನ್ನು ಅಂದೇ ಕೊಟ್ಟೆವು. ಮಲಗುವ ಕೋಣೆಯ ಗೋಡೆ ಮಾತ್ರ ಇನ್ನೂ ಹಸಿಯಾಗಿದೆ. ಅದು ಪೂರ್ತಿ ಒಣಗುವವರೆಗೆ ಬಣ್ಣ ಹೊಡೆಸುವುದಿಲ್ಲ.